ಮುಂಬೈ, ಪುಣೆ, ಗೋವಾಗಳಲ್ಲಿ ಪಿಎಚ್.ಡಿ. ಪ್ರವೇಶ: ಅರ್ಹತೆಯನ್ನು ಹೊಂದಿಸಿಕೊಳ್ಳುವ ಕ್ರಮ

ಮುಂಬೈಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುತ್ತಿರುವವರು, ಪುಣೆಯ ಕಂಪನಿಗಳಲ್ಲಿ ದುಡಿಯುತ್ತಿರುವವರು, ಧಾರವಾಡದಲ್ಲೋ ಮಂಗಳೂರಿನಲ್ಲೋ ಎಂ.ಎ. ಮುಗಿಸಿ ಮದುವೆಯ ನಂತರ ಡೊಂಬಿವಲಿಗೋ ವಾಸ್ಕೋಗೋ ಬಂದು ನೆಲೆಸಿದವರು, ಪಿಎಚ್.ಡಿ. ಮಾಡಬೇಕೆಂದು ಹೊರಟಾಗ ಮೊದಲು ಕೇಳುವುದು ತಮ್ಮ ಅಂಕಗಳು ಸಾಲುತ್ತವೆಯೇ ಎಂದು. ಅದಕ್ಕೆ ಉತ್ತರ ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಇದೆ. ತೊಡಕಿರುವುದು ಬೇರೆಡೆ. ಅಂಕಗಳು, ಪ್ರವೇಶ ಪರೀಕ್ಷೆಯ ಫಲಿತಾಂಶ, ಮಾರ್ಗದರ್ಶಕರ ಬಳಿ ಖಾಲಿ ಇರುವ ಸ್ಥಾನ, ರಾಜ್ಯದ ಗಡಿ ದಾಟಿ ಬಂದ ಕಾಗದಪತ್ರ, ಈ ನಾಲ್ಕೂ ಒಂದೇ ಅವಧಿಯಲ್ಲಿ ಕೈಯಲ್ಲಿರಬೇಕು. ಇವನ್ನು ಬಿಡಿಬಿಡಿಯಾಗಿ ಸಂಪಾದಿಸಿಕೊಂಡವರು ಕೂಡ, ಒಂದು ಕೈಗೆ ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದು, ಮತ್ತೊಂದು ವರ್ಷ ಕಾಯಬೇಕಾಗುತ್ತದೆ. ಆದ್ದರಿಂದ ಷರತ್ತುಗಳೇನು ಎಂಬುದರ ಜೊತೆಗೆ ಅವನ್ನು ಯಾವ ಕ್ರಮದಲ್ಲಿ ಪೂರೈಸಿಕೊಳ್ಳಬೇಕು ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಅಂಕಗಳ ಲೆಕ್ಕ

ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಈಗ ಆಧಾರವಾಗಿರುವುದು ವಿಶ್ವವಿದ್ಯಾಲಯ ಅನುದಾನ ಆಯೋಗವು, ಅಂದರೆ ಯುಜಿಸಿಯು, 2022ರ ನವೆಂಬರಿನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿ. ಅದರ ಪ್ರಕಾರ ಮೂರು ವರ್ಷದ ಪದವಿಯ ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ, ಅಥವಾ ನಾಲ್ಕು ವರ್ಷದ ಪದವಿಯ ನಂತರ ಒಂದು ವರ್ಷದ ಸ್ನಾತಕೋತ್ತರ ಪದವಿ ಇರಬೇಕು. ಅದರಲ್ಲಿ ಒಟ್ಟಾರೆ ಕನಿಷ್ಠ ಶೇಕಡ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇಕಡ 5ರಷ್ಟು ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡ 75 ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ನೇರವಾಗಿ ಅರ್ಜಿ ಹಾಕಬಹುದು. ಎಂ.ಫಿಲ್. ಕೋರ್ಸನ್ನು ಇದೇ ನಿಯಮಾವಳಿ ನಿಲ್ಲಿಸಿದೆಯಾದರೂ ಹಿಂದೆಯೇ ಅದನ್ನು ಶೇಕಡ 55 ಅಂಕಗಳೊಂದಿಗೆ ಮುಗಿಸಿದವರ ಅರ್ಹತೆಗೆ ಧಕ್ಕೆಯಿಲ್ಲ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಶೇಕಡ 54.8 ಎಂಬುದು 55 ಆಗುವುದಿಲ್ಲ. ಅಂಕಗಳನ್ನು ಮೇಲಿನ ಅಂಕಿಗೆ ಏರಿಸಿ ಲೆಕ್ಕ ಹಾಕುವಂತಿಲ್ಲ. ಎರಡನೆಯದು ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಗ್ರೇಡ್ ಅಂಕಗಳ ಸರಾಸರಿ. ಅಂಕಪಟ್ಟಿಯಲ್ಲಿ ಗ್ರೇಡ್ ಮಾತ್ರ ಇದ್ದರೆ ಅದನ್ನು ಶೇಕಡವಾರು ಅಂಕಕ್ಕೆ ಪರಿವರ್ತಿಸುವ ಸೂತ್ರ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆಯಾಗಿದೆ. ಕೆಲವು ಕಡೆ ಸಿಜಿಪಿಎಯನ್ನು ನೇರವಾಗಿ 10ರಿಂದ ಗುಣಿಸುತ್ತಾರೆ. ಇನ್ನು ಕೆಲವು ಕಡೆ ಮೊದಲು 0.75 ಕಳೆದು ಆಮೇಲೆ 10ರಿಂದ ಗುಣಿಸುತ್ತಾರೆ. 6.2 ಸಿಜಿಪಿಎ ಪಡೆದ ಅಭ್ಯರ್ಥಿಗೆ ಮೊದಲ ಸೂತ್ರದಲ್ಲಿ ಶೇಕಡ 62 ಬಂದರೆ ಎರಡನೆಯದರಲ್ಲಿ 54.5 ಬರುತ್ತದೆ, ಅಂದರೆ ಸಾಮಾನ್ಯ ವರ್ಗದವರಾದರೆ ಅರ್ಹತೆಯೇ ಇಲ್ಲ. ಹೀಗಿರುವಾಗ ಅರ್ಜಿಯಲ್ಲಿ ಸ್ವಂತ ಲೆಕ್ಕ ಬರೆದುಬಿಡುವುದು ಸರಿಯಲ್ಲ. ತಾವು ಓದಿದ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದ ಪರಿವರ್ತನೆಯ ಪ್ರಮಾಣಪತ್ರವನ್ನು ಮೊದಲೇ ತರಿಸಿಟ್ಟುಕೊಳ್ಳಬೇಕು.

ಪರೀಕ್ಷೆ ಮತ್ತು ಅದರ ಆಯುಷ್ಯ

ಪ್ರವೇಶಕ್ಕೆ ಎರಡು ದಾರಿಗಳಿವೆ. ಒಂದು, ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್. ಇನ್ನೊಂದು, ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ; ಮುಂಬೈ ವಿಶ್ವವಿದ್ಯಾಲಯದಲ್ಲಿಯೂ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿಯೂ ಇದನ್ನು ‘ಪೆಟ್’ ಎಂದೇ ಕರೆಯುವ ರೂಢಿ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ನಡೆಯುತ್ತದೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆಗಳಿಗೆ 100 ಅಂಕ, ವಿಷಯ ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 200 ಅಂಕ, ಎರಡಕ್ಕೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಟ್ಟು ಬರಬೇಕಾಗಿಲ್ಲ. ಕನ್ನಡವೂ ಅದರಲ್ಲಿ ಒಂದು ವಿಷಯ.

2024ರ ಜೂನ್ ಆವೃತ್ತಿಯಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಲ್ಲಿ ಕೊಡುತ್ತಾರೆ. ಮೊದಲನೆಯದರಲ್ಲಿ ಇರುವವರಿಗೆ ಜೆಆರ್‌ಎಫ್ ಫೆಲೋಶಿಪ್ (ಕಿರಿಯ ಸಂಶೋಧಕರಿಗೆ ಕೊಡುವ ಮಾಸಿಕ ಧನಸಹಾಯ), ಸಹಾಯಕ ಪ್ರಾಧ್ಯಾಪಕರ ಅರ್ಹತೆ ಹಾಗೂ ಪಿಎಚ್.ಡಿ. ಪ್ರವೇಶ ಮೂರೂ ಸಿಗುತ್ತವೆ. ಎರಡನೆಯದರಲ್ಲಿ ಫೆಲೋಶಿಪ್ ಇಲ್ಲ, ಉಳಿದೆರಡು ಇವೆ. ಮೂರನೆಯದು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಮೊದಲ ವರ್ಗದವರ ಆಯ್ಕೆ ಸಂದರ್ಶನದ ಮೇಲೆಯೇ ನಡೆಯುತ್ತದೆ. ಎರಡನೆಯ ಮತ್ತು ಮೂರನೆಯ ವರ್ಗದವರಿಗೆ ಪರೀಕ್ಷೆಯ ಅಂಕಕ್ಕೆ ಶೇಕಡ 70, ಸಂದರ್ಶನಕ್ಕೆ ಶೇಕಡ 30 ತೂಕ. ಇವರು ಮರೆಯಬಾರದ ಸಂಗತಿಯೆಂದರೆ, ಪ್ರವೇಶಕ್ಕಾಗಿ ಈ ಅಂಕಗಳು ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅರ್ಹತೆ ಜೀವನಪರ್ಯಂತ ಇರುವುದರಿಂದ ಪಿಎಚ್.ಡಿ.ಗೂ ಹಾಗೆಯೇ ಎಂದುಕೊಂಡು, ಮಾರ್ಗದರ್ಶಕರನ್ನು ನಿಧಾನವಾಗಿ ಹುಡುಕುತ್ತ ಕುಳಿತರೆ ಇನ್ನೊಮ್ಮೆ ಪರೀಕ್ಷೆಗೆ ಕೂರಬೇಕಾಗುತ್ತದೆ.

ಪೆಟ್ ಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನಕ್ಕೆ ಸಂಬಂಧಿಸಿದವು, ಉಳಿದರ್ಧ ವಿಷಯಕ್ಕೆ; ಸಂದರ್ಶನಕ್ಕೆ ಕರೆ ಬರಬೇಕಾದರೆ ಶೇಕಡ 50 ಅಂಕ ಬೇಕು, ಮೀಸಲು ವರ್ಗಗಳಿಗೆ ಇಲ್ಲಿಯೂ ಶೇಕಡ 5 ರಿಯಾಯಿತಿ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸೋಲುವುದು ಮೊದಲರ್ಧದಲ್ಲಿ. ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆಗಳನ್ನು ಅರೆದು ಕುಡಿದವರು ಕೂಡ ಮಾದರಿ ಆಯ್ಕೆ, ಪ್ರಾಕ್ಕಲ್ಪನೆ, ದತ್ತಾಂಶ ವಿಶ್ಲೇಷಣೆ, ಸಂಶೋಧನಾ ನೈತಿಕತೆ ಎಂಬ ಪ್ರಶ್ನೆಗಳ ಮುಂದೆ ತಡವರಿಸುತ್ತಾರೆ. ಎಂ.ಎ. ತರಗತಿಯಲ್ಲಿ ಇವನ್ನು ಯಾರೂ ಗಂಭೀರವಾಗಿ ಹೇಳಿಕೊಟ್ಟಿರುವುದಿಲ್ಲ ಎಂಬುದು ನಿಜ, ಆದರೆ ನೆಟ್‌ನ ಮೊದಲ ಪತ್ರಿಕೆಗೆ ಓದುವ ಪುಸ್ತಕದಲ್ಲಿ ಇದೇ ಭಾಗ ಇರುವುದರಿಂದ ಒಂದೇ ತಯಾರಿ ಎರಡಕ್ಕೂ ಆಗುತ್ತದೆ.

ಸಂದರ್ಶನದ 30 ಅಂಕಗಳನ್ನು ಹಗುರವಾಗಿ ಕಾಣುವಂತಿಲ್ಲ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಪರೀಕ್ಷೆಯಲ್ಲಿ ಶೇಕಡ 62, ಸಂದರ್ಶನದಲ್ಲಿ ಶೇಕಡ 80 ಪಡೆದವರಿಗೆ 43.4 ಮತ್ತು 24 ಸೇರಿ ಒಟ್ಟು 67.4 ಬರುತ್ತದೆ. ಪರೀಕ್ಷೆಯಲ್ಲಿ 74 ಪಡೆದು ಸಂದರ್ಶನದಲ್ಲಿ 50ಕ್ಕೆ ನಿಂತವರಿಗೆ 51.8 ಮತ್ತು 15 ಸೇರಿ 66.8 ಮಾತ್ರ. ಹನ್ನೆರಡು ಅಂಕ ಹಿಂದಿದ್ದವರು ಮುಂದೆ ಹೋದರು.

ವಿಜ್ಞಾನ ಮತ್ತು ತಂತ್ರಜ್ಞಾನದವರ ದಾರಿ ಸ್ವಲ್ಪ ಬೇರೆ. ಮುಂಬೈಯ ಕೊಲಾಬಾದಲ್ಲಿರುವ ಮೂಲವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಪುಣೆಯ ವಿಜ್ಞಾನ ಶಿಕ್ಷಣ ಸಂಸ್ಥೆಯಾದ ಐಸರ್, ಸಿಎಸ್‌ಐಆರ್ ನೆಟ್ (ವಿಜ್ಞಾನ ವಿಷಯಗಳ ನೆಟ್), ಗೇಟ್, ಜೆಸ್ಟ್ ಮೊದಲಾದ ರಾಷ್ಟ್ರಮಟ್ಟದ ಪರೀಕ್ಷೆಗಳನ್ನು ಪರಿಗಣಿಸುತ್ತದೆ. ಪೊವಾಯಿಯ ಐಐಟಿಯಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಷರತ್ತು. ಗೇಟ್ ಅಂಕಗಳಿಗೆ ಮೂರು ವರ್ಷದ ಅವಧಿ ಇರುವುದರಿಂದ ಇವರಿಗೆ ಕಾಲದ ಒತ್ತಡ ಕಡಿಮೆ.

ಮಾರ್ಗದರ್ಶಕರ ಬಳಿ ಸ್ಥಾನ

ಪರೀಕ್ಷೆ ಪಾಸಾದ ಮೇಲೆ ಮಾರ್ಗದರ್ಶಕರನ್ನು ಹುಡುಕುವುದು ವಾಡಿಕೆ. ಈ ಕ್ರಮವನ್ನು ತಿರುಗಿಸಿ, ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಮಾರ್ಗದರ್ಶಕರ ಸ್ಥಿತಿಗತಿ ವಿಚಾರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು. ಒಬ್ಬೊಬ್ಬರಂತೆ ಮೂವರೂ ಇರುವ ಸಣ್ಣ ವಿಭಾಗವೊಂದನ್ನು ಊಹಿಸಿಕೊಂಡರೆ ಅಲ್ಲಿ ಒಟ್ಟು ಹದಿನೆಂಟು ಸ್ಥಾನಗಳು. ಒಳಗೆ ಇರುವವರು ಪ್ರಬಂಧ ಮುಗಿಸಲು ಐದಾರು ವರ್ಷ ತೆಗೆದುಕೊಳ್ಳುವಾಗ ವರ್ಷಕ್ಕೆ ತೆರವಾಗುವುದು ಮೂರೋ ನಾಲ್ಕೋ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವ ಅಧ್ಯಾಪಕರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೆಸರಾಂತ ವಿದ್ವಾಂಸರ ಬಳಿಯೇ ಮಾಡಬೇಕೆಂದು ಕಾದವರಿಗೆ ಅಡ್ಡ ಬರುವುದು ಹೆಚ್ಚಾಗಿ ಈ ನಿಯಮವೇ.

ಕನ್ನಡ ಸಾಹಿತ್ಯದಲ್ಲಿ ಸಂಶೋಧನೆ ಮಾಡಬೇಕೆನ್ನುವವರಿಗೆ ಮುಂಬೈಯಲ್ಲಿ ಕಲೀನಾದ ವಿದ್ಯಾನಗರಿ ಆವರಣದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸಹಜವಾದ ನೆಲೆ. ಭಾಷಾವಿಜ್ಞಾನ ಅಥವಾ ಪುರಾತತ್ತ್ವದ ಕಡೆ ಒಲವಿದ್ದರೆ ಪುಣೆಯ ಡೆಕ್ಕನ್ ಕಾಲೇಜಿನ ಕಡೆ ನೋಡಬೇಕು. ಸಮಾಜಶಾಸ್ತ್ರ, ಇತಿಹಾಸದ ವಿಷಯವಾದರೆ ಮಾರ್ಗದರ್ಶಕರಿಗೆ ಕನ್ನಡ ಬರಲೇಬೇಕೆಂದಿಲ್ಲ; ಆದರೆ ಕನ್ನಡ ಆಕರಗಳನ್ನು ಆಧರಿಸಿ ಬರೆಯುವಾಗ ಅವನ್ನು ಪರಿಶೀಲಿಸಬಲ್ಲ ಸಹ ಮಾರ್ಗದರ್ಶಕರೊಬ್ಬರು ಬೇಕೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಾರ್ಗದರ್ಶಕರಿಗೆ ಪತ್ರ ಬರೆಯುವಾಗ ‘ತಾವು ಯಾವ ವಿಷಯ ಕೊಟ್ಟರೂ ಮಾಡುತ್ತೇನೆ, ಸರ್’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬಾರದು. ಅದು ವಿನಯದಂತೆ ಕಂಡರೂ ಓದುವವರಿಗೆ ಸಿದ್ಧತೆಯಿಲ್ಲದ ಅಭ್ಯರ್ಥಿಯ ಗುರುತಾಗಿ ಕಾಣುತ್ತದೆ. ಅವರ ಒಂದೆರಡು ಲೇಖನಗಳನ್ನಾದರೂ ಓದಿ, ತಮ್ಮ ಪ್ರಶ್ನೆ ಅವರ ಕ್ಷೇತ್ರಕ್ಕೆ ಹೇಗೆ ಹೊಂದುತ್ತದೆ ಎಂಬುದನ್ನು ಒಂದು ಪುಟದೊಳಗೆ ತಿಳಿಸಿ, ಈ ವರ್ಷ ಸ್ಥಾನ ಖಾಲಿ ಇದೆಯೇ ಎಂದು ನೇರವಾಗಿ ಕೇಳಬೇಕು.

ಸಂಶೋಧನಾ ಪ್ರಸ್ತಾವನೆ

ಅರ್ಜಿಯಲ್ಲಿ ಷರತ್ತಿನಂತೆ ಕಾಣದೆಯೂ ಆಯ್ಕೆಯನ್ನು ನಿರ್ಧರಿಸುವುದು ಪ್ರಸ್ತಾವನೆ, ಅಂದರೆ ಏನನ್ನು, ಹೇಗೆ ಸಂಶೋಧಿಸಲಿದ್ದೇವೆ ಎಂಬ ಬರಹ. ಸಂದರ್ಶನದಲ್ಲಿ ನಡೆಯುವ ಮಾತುಕತೆಯೆಲ್ಲ ಅದರ ಸುತ್ತಲೇ. ಮುಂಬೈಯಲ್ಲಿ ಅರ್ಜಿ ಹಾಕುವವರು ಎಲ್ಲರಿಗಿಂತ ಮೊದಲು ಯೋಚಿಸುವ ಶೀರ್ಷಿಕೆ ‘ಮುಂಬೈ ಕನ್ನಡಿಗರ ಸಾಂಸ್ಕೃತಿಕ ಕೊಡುಗೆ’ ಎಂಬಂಥದ್ದು. ಇದರಲ್ಲಿ ಪ್ರಶ್ನೆಯಿಲ್ಲ, ಕಾಲಮಿತಿಯಿಲ್ಲ, ಆಕರ ಯಾವುದೆಂಬ ಸೂಚನೆಯಿಲ್ಲ, ಕೊನೆಗೆ ಅಭಿನಂದನ ಗ್ರಂಥದ ಲೇಖನವಾಗುತ್ತದೆಯೇ ಹೊರತು ಮಹಾಪ್ರಬಂಧವಾಗುವುದಿಲ್ಲ. ಇದನ್ನೇ ಕಿರಿದು ಮಾಡುತ್ತ ಹೋಗಬಹುದು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಮುಂದೆ ಬರೆದ ಆತ್ಮಕಥನಗಳಲ್ಲಿ ನಗರ ಹೇಗೆ ಚಿತ್ರಿತವಾಗಿದೆ ಎಂದು ಕೇಳಿದರೆ ಅದು ಪ್ರಶ್ನೆಯಾಯಿತು. ಯಾವ ದಶಕಗಳು, ಯಾವ ಕೃತಿಗಳು, ಶಾಲೆಯ ದಾಖಲೆಗಳೋ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳೋ ಎಂದು ಹೇಳಿದರೆ ಅದಕ್ಕೆ ಆಕಾರ ಬಂತು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಮತ್ತು ಮಾಹಿಮಿನ ಕರ್ನಾಟಕ ಸಂಘದಂಥ ಹಳೆಯ ಸಂಸ್ಥೆಗಳಲ್ಲಿ ಏನು ಉಳಿದಿದೆ, ಅದನ್ನು ನೋಡಲು ಬಿಡುತ್ತಾರೆಯೇ ಎಂಬುದನ್ನು ಪ್ರಸ್ತಾವನೆ ಬರೆಯುವ ಮೊದಲೇ ಹೋಗಿ ನೋಡಿ ಬಂದರೆ, ಸಂದರ್ಶನದಲ್ಲಿ ‘ಆಕರ ಎಲ್ಲಿ ಸಿಗುತ್ತದೆ’ ಎಂಬ ಪ್ರಶ್ನೆಗೆ ಕಪಾಟಿನ ಹೆಸರು ಹಿಡಿದು ಉತ್ತರ ಕೊಡಬಹುದು.

ಆಕರವು ಕೆಲವೊಮ್ಮೆ ಹೊಸ ಅರ್ಹತೆಯೊಂದನ್ನು ಬೇಡುತ್ತದೆ. ಕೆಳದಿಯ ನಾಯಕರಿಗೂ ಗೋವೆಯ ಪೋರ್ಚುಗೀಸರಿಗೂ ಇದ್ದ ವ್ಯವಹಾರದ ಕುರಿತು ಬರೆಯಬೇಕೆನ್ನುವವರಿಗೆ ಪಣಜಿಯ ಪತ್ರಾಗಾರದಲ್ಲಿ ಸಮೃದ್ಧ ಸಾಮಗ್ರಿ ಇದೆ, ಆದರೆ ಅದು ಪೋರ್ಚುಗೀಸ್ ಭಾಷೆಯಲ್ಲಿದೆ, ಅದರಲ್ಲೂ ಹಳೆಯ ಕೈಬರಹದಲ್ಲಿ. ಪುಣೆಯಲ್ಲಿ ಪೇಶ್ವೆ ಕಾಲದ ಕರ್ನಾಟಕದ ಬಗ್ಗೆ ಕೆಲಸ ಮಾಡುವವರಿಗೆ ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಓದಲು ಬರಬೇಕು. ನಿಯಮಾವಳಿಯಲ್ಲಿ ಇದು ಎಲ್ಲಿಯೂ ಬರೆದಿಲ್ಲ. ಸಂದರ್ಶನ ಮಂಡಳಿ ಮಾತ್ರ ಮೊದಲು ಕೇಳುವುದು ಇದನ್ನೇ, ಆದ್ದರಿಂದ ಕನಿಷ್ಠ ಕಲಿಯಲು ಆರಂಭಿಸಿರುವುದಕ್ಕೆ ಪುರಾವೆ ಇಟ್ಟುಕೊಂಡಿರಬೇಕು.

ಗಡಿ ದಾಟಿದ ಕಾಗದಪತ್ರ

ಕರ್ನಾಟಕದಲ್ಲಿ ಓದಿ ಮಹಾರಾಷ್ಟ್ರ ಅಥವಾ ಗೋವಾದಲ್ಲಿ ಸೇರುವವರು ಹೆಚ್ಚು ಸಮಯ ಮೀಸಲಿಡಬೇಕಾದ ಭಾಗ ಇದು. ಮೊದಲನೆಯದಾಗಿ ಕೊನೆಯ ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದ ವಲಸೆ ಪ್ರಮಾಣಪತ್ರ, ಅಂದರೆ ಮೈಗ್ರೇಶನ್, ತರಬೇಕು. ಘಟಿಕೋತ್ಸವ ಆಗಿರದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ನಡೆಯುತ್ತದೆ. ಆದರೆ ಘಟಿಕೋತ್ಸವ ಮುಗಿದು ವರ್ಷಗಳಾದ ಮೇಲೂ ಅದನ್ನೇ ಹಿಡಿದು ಹೋದರೆ ಮೂಲ ಪದವಿ ಪತ್ರ ಎಲ್ಲಿ ಎಂದು ಕೇಳುತ್ತಾರೆ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ಹೊರರಾಜ್ಯದ ಪದವಿಯನ್ನು ಪರಿಶೀಲಿಸಿ ಅರ್ಹತೆ ದೃಢಪಡಿಸುವ ಪ್ರತ್ಯೇಕ ವಿಭಾಗವಿರುತ್ತದೆ, ಅಲ್ಲಿ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳನ್ನು ಒಟ್ಟಿಗೆ ಹಾಜರುಪಡಿಸಬೇಕಾಗುತ್ತದೆ.

ಹೆಸರಿನ ಸಮಸ್ಯೆ ಇದಕ್ಕಿಂತಲೂ ದೊಡ್ಡದು. ಕರ್ನಾಟಕದ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳ ನಂತರ ತಮ್ಮ ಹೆಸರು ಇರುವುದು ಸಾಮಾನ್ಯ. ಇಲ್ಲಿಯ ಅರ್ಜಿ ನಮೂನೆ ತಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆಗಳನ್ನು ಇಟ್ಟಿರುತ್ತದೆ. ಹಾಸನದ ಕಡೆಯ ‘ಎಚ್. ಎಸ್. ಸುಮಾ’ ಎಂಬುವರು ಆಧಾರ್‌ನಲ್ಲಿ ‘ಸುಮಾ ಹಾಸನ ಶಂಕರಪ್ಪ’ ಆಗಿ, ಮದುವೆಯಾದ ಮೇಲೆ ಪ್ಯಾನ್ ಕಾರ್ಡಿನಲ್ಲಿ ‘ಸುಮಾ ಪ್ರಕಾಶ ಶೆಟ್ಟಿ’ ಆಗಿದ್ದರೆ, ಪರಿಶೀಲನಾ ಕೌಂಟರಿನಲ್ಲಿ ಇವು ಮೂರು ಬೇರೆ ವ್ಯಕ್ತಿಗಳ ದಾಖಲೆಗಳಾಗಿ ಕಾಣುತ್ತವೆ. ಅರ್ಜಿಯಲ್ಲಿ ಹೆಸರನ್ನು ಸ್ನಾತಕೋತ್ತರ ಅಂಕಪಟ್ಟಿಯಲ್ಲಿರುವಂತೆಯೇ ಬರೆಯುವುದು ಸುರಕ್ಷಿತ. ವ್ಯತ್ಯಾಸಕ್ಕೆ ಅಫಿಡವಿಟ್ ಮತ್ತು ವಿವಾಹ ನೋಂದಣಿ ಪತ್ರವನ್ನು ಲಗತ್ತಿಸಬೇಕು, ಹೆಸರು ಪೂರ್ತಿ ಬದಲಾಗಿದ್ದರೆ ರಾಜಪತ್ರದಲ್ಲಿ ಪ್ರಕಟಿಸಿದ ಪ್ರತಿ ಬೇಕಾಗುತ್ತದೆ. ಇದಕ್ಕೆಲ್ಲ ವಾರಗಳೇ ಹಿಡಿಯುವುದರಿಂದ ನೆಟ್ ಅರ್ಜಿ ತುಂಬುವ ಹಂತದಲ್ಲಿಯೇ ಯಾವ ಹೆಸರು ಎಂದು ತೀರ್ಮಾನಿಸಿಕೊಂಡಿರಬೇಕು.

ಮೀಸಲಾತಿಯ ವಿಷಯದಲ್ಲಿ ಮುಂಬೈ ಕನ್ನಡಿಗರಿಗೆ ಆಗುವ ನಿರಾಶೆ ಹಳೆಯದು. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಮೀಸಲು ಸ್ಥಾನ ಸಿಗುವುದಿಲ್ಲ. ಅಲ್ಲಿ ಮಹಾರಾಷ್ಟ್ರದ್ದೇ ಪ್ರಮಾಣಪತ್ರ ಮತ್ತು ಅದು ಸಿಂಧುವೆಂದು ಪರಿಶೀಲಿಸಿ ಕೊಡುವ ಸಿಂಧುತ್ವ ಪತ್ರ ಬೇಕು. ಐಐಟಿ, ಐಸರ್‌ಗಳಂಥ ಕೇಂದ್ರ ಸಂಸ್ಥೆಗಳಲ್ಲಿ ಕೇಂದ್ರದ ಪಟ್ಟಿ ಅನ್ವಯಿಸುವುದರಿಂದ ಸರಿಯಾದ ನಮೂನೆಯಲ್ಲಿರುವ ಕರ್ನಾಟಕದ ಪ್ರಮಾಣಪತ್ರ ನಡೆಯುತ್ತದೆ. ರಿಯಾಯಿತಿಯನ್ನು ನಂಬಿಕೊಂಡು ಶೇಕಡ 52 ಅಂಕದೊಂದಿಗೆ ಅರ್ಜಿ ಹಾಕುವವರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಕೆನೆಪದರ ರಹಿತ ಮತ್ತು ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಗಳು ಯಾವ ಆರ್ಥಿಕ ವರ್ಷಕ್ಕೆ ಸೇರಿದವು ಎಂಬುದನ್ನೂ ನೋಡುತ್ತಾರೆ.

ಕೆಲಸದಲ್ಲಿರುವವರು

ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು ನಿಯಮಾವಳಿ ಅವಕಾಶ ಕೊಡುತ್ತದೆ, ಆದರೆ ಅರ್ಹತೆಯ ಉಳಿದ ಷರತ್ತುಗಳಲ್ಲಿ ಯಾವ ಸಡಿಲಿಕೆಯೂ ಇಲ್ಲ. ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಂದೇ ಸಾಲಿನ ಪತ್ರ ಸಾಲದು. ನೌಕರರಿಗೆ ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕಚೇರಿಯ ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ (ಸೇರಿದ ಮೇಲೆ ಪೂರೈಸಬೇಕಾದ ತರಗತಿಗಳು) ಮುಗಿಸಲು ಅವರನ್ನು ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂಬ ಮೂರೂ ಮಾತುಗಳು ಅದರಲ್ಲಿರಬೇಕು. ಮೂರನೆಯ ಮಾತಿಗೆ ಸಹಿ ಹಾಕಲು ಖಾಸಗಿ ಕಂಪನಿಗಳ ಎಚ್‌ಆರ್ ವಿಭಾಗದವರು ಹಿಂಜರಿಯುತ್ತಾರೆ, ಆದ್ದರಿಂದ ಕರಡನ್ನು ತಾವೇ ಬರೆದು ಕೊಟ್ಟು, ಅಧಿಕಾರಿಯೊಂದಿಗೆ ಒಮ್ಮೆ ಮಾತಾಡಿಕೊಳ್ಳುವುದು ಮೇಲು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಮಾಡಲು ನಿಯಮಾವಳಿಯಲ್ಲಿ ಅವಕಾಶವೇ ಇಲ್ಲದ್ದರಿಂದ ಅಂಥ ಜಾಹೀರಾತುಗಳಿಗೆ ಹಣ ಕಟ್ಟಬಾರದು.

ಪೂರ್ಣಕಾಲಿಕವಾಗಿ ಸೇರುವವರು ಫೆಲೋಶಿಪ್ಪಿನ ಲೆಕ್ಕ ಹಾಕಿಕೊಳ್ಳಬೇಕು. ಜೆಆರ್‌ಎಫ್ ಮೊತ್ತ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇದಕ್ಕೆ 30 ವರ್ಷದ ವಯೋಮಿತಿ ಇದೆ, ಮಹಿಳೆಯರಿಗೂ, ಆರ್ಥಿಕವಾಗಿ ದುರ್ಬಲ ವರ್ಗವನ್ನು ಬಿಟ್ಟು ಉಳಿದ ಮೀಸಲು ವರ್ಗಗಳಿಗೂ ಐದು ವರ್ಷದ ವಿನಾಯಿತಿ ಉಂಟು. ಪಿಎಚ್.ಡಿ. ಪ್ರವೇಶಕ್ಕೆ ನಿಯಮಾವಳಿ ಅಂಥ ಮಿತಿ ಹಾಕಿಲ್ಲ.

ಸಂದರ್ಶನದಿಂದ ನೋಂದಣಿಯವರೆಗೆ

ಒಟ್ಟಿನ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಸೇರಬೇಕೆಂದಿರುವ ವರ್ಷದ ಹಿಂದಿನ ವರ್ಷವೇ ಹೆಸರು, ಮೈಗ್ರೇಶನ್, ಸಿಜಿಪಿಎ ಪತ್ರಗಳನ್ನು ಸರಿಪಡಿಸಿಕೊಂಡು, ಇಬ್ಬರು ಮೂವರು ಮಾರ್ಗದರ್ಶಕರ ಬಳಿ ಸ್ಥಾನ ವಿಚಾರಿಸಿ, ಅವರಲ್ಲಿ ತೆರವಾಗುವ ಸಮಯಕ್ಕೆ ಹತ್ತಿರವಾದ ನೆಟ್ ಆವೃತ್ತಿಗೆ ಅಥವಾ ಪೆಟ್ ಪ್ರಕಟಣೆಗೆ ಅರ್ಜಿ ಹಾಕಬೇಕು. ವಿಶ್ವವಿದ್ಯಾಲಯಗಳ ಪ್ರಕಟಣೆ ಪ್ರತಿ ವರ್ಷ ಒಂದೇ ತಿಂಗಳಿನಲ್ಲಿ ಬರುವುದಿಲ್ಲ, ಬಂದ ಮೇಲೆ ಅರ್ಜಿಗೆ ಸಿಗುವ ದಿನಗಳೂ ಕಡಿಮೆ. ಸಂದರ್ಶನಕ್ಕೆ ಹೋಗುವಾಗ ಮೂಲ ಪ್ರತಿಗಳು, ಎರಡು ಜೊತೆ ಜೆರಾಕ್ಸ್, ಪ್ರಸ್ತಾವನೆಯ ನಾಲ್ಕೈದು ಪ್ರತಿಗಳು ಜೊತೆಗಿರಲಿ. ಕನ್ನಡ ವಿಭಾಗದಲ್ಲಾದರೆ ಕನ್ನಡದಲ್ಲಿಯೇ ಮಾತಾಡಬಹುದು. ಬೇರೆ ವಿಭಾಗಗಳಲ್ಲಿ ಕನ್ನಡ ಆಕರಗಳ ಮಹತ್ವವನ್ನು ಇಂಗ್ಲಿಷಿನಲ್ಲಿ, ಕನ್ನಡ ತಿಳಿಯದವರಿಗೆ ಮನದಟ್ಟಾಗುವಂತೆ ವಿವರಿಸಲು ಅಭ್ಯಾಸ ಮಾಡಿಕೊಳ್ಳಬೇಕು.

ಪ್ರವೇಶ ಸಿಕ್ಕ ಮೇಲೂ ಅರ್ಹತೆಯ ಒಂದು ಮೆಟ್ಟಿಲು ಉಳಿದಿರುತ್ತದೆ. ಸಂಶೋಧನಾ ವಿಧಾನ ಮತ್ತು ಪ್ರಕಟಣಾ ನೈತಿಕತೆಯನ್ನು ಒಳಗೊಂಡ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕನ್ನು ಮುಗಿಸಿ, ಅದರಲ್ಲಿ ಶೇಕಡ 55 ಅಂಕ ಪಡೆದವರಿಗೆ ಮಾತ್ರ ಪ್ರಬಂಧದ ಕೆಲಸ ಮುಂದುವರಿಸಲು ಅನುಮತಿ. ಪಿಎಚ್.ಡಿ. ಅವಧಿ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ, ಮಹಿಳೆಯರಿಗೆ ಮತ್ತು ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ ಸಿಗಬಹುದು. ಮಹಿಳೆಯರು ಹೆರಿಗೆ ಅಥವಾ ಶಿಶುಪಾಲನೆಗಾಗಿ ಒಟ್ಟು 240 ದಿನಗಳವರೆಗೆ ರಜೆ ಪಡೆಯಲೂ ಅವಕಾಶವಿದೆ. ಅದನ್ನು ಮಾರ್ಗದರ್ಶಕರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ವಿಭಾಗದ ಮೂಲಕ ಲಿಖಿತ ಅರ್ಜಿ ಸಲ್ಲಿಸಿ ಮಂಜೂರಾತಿ ಪತ್ರವನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು.